ಗೋದಾಮಿಗೆ ಬಾಡಿಗೆಯ ಬಿಸಿಗಾಳಿ

ಇಂಗ್ಲೆಂಡಿನ ಲೆಸ್ಟರ್ ನಗರದ ಅಂಚಿನಲ್ಲಿರುವ ಒಂದು ಗೋದಾಮಿನ ಕಟ್ಟಡ ಮತ್ತು ಸಲಕರಣೆಗಳ ನಿರ್ವಹಣೆ ನನ್ನ ಉದ್ಯೋಗ. ಯಂತ್ರಗಳ ಬಿಡಿಭಾಗಗಳು ಅಲ್ಲಿಗೆ ಲಾರಿಗಳಲ್ಲಿ ಬಂದು, ಎತ್ತರದ ರ‍್ಯಾಕುಗಳನ್ನು ಸೇರಿ, ಬೇಡಿಕೆ ಬಂದಾಗ ಕೆಳಗಿಳಿದು ರಟ್ಟಿನ ಪೆಟ್ಟಿಗೆಗಳಲ್ಲಿ ಹೊರಡುತ್ತವೆ. 2022ರ ನವೆಂಬರಿನಲ್ಲಿ ವಾರ್ಷಿಕ ತಪಾಸಣೆಗೆ ಬಂದ ಗ್ಯಾಸ್ ಎಂಜಿನಿಯರ್, ಛಾವಣಿಯಿಂದ ತೂಗುಹಾಕಿದ್ದ ಎರಡೂ ಹಳೆಯ ಹೀಟರುಗಳ, ಉರಿಯ ಶಾಖವನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರುಗಳಲ್ಲಿ ಬಿರುಕು ಬಿಟ್ಟಿರುವುದನ್ನು ಕಂಡು, ‘ತಕ್ಷಣದ ಅಪಾಯ’ ಎಂಬ ಚೀಟಿಯನ್ನು ಕಟ್ಟಿ, ಗ್ಯಾಸ್ ಸಂಪರ್ಕವನ್ನು ಅಲ್ಲೇ ಕಡಿದುಹಾಕಿದರು. ಹೊಸ ಹೀಟರುಗಳು ಹೊಸ ವರ್ಷಕ್ಕಿಂತ ಮೊದಲು ಸಿಗುವುದಿಲ್ಲವೆಂದು ತಯಾರಕರಿಂದ ಉತ್ತರ ಬಂತು. ಅಲ್ಲಿಯವರೆಗೆ ಹೀಟರುಗಳನ್ನು ಬಾಡಿಗೆಗೆ ತರಬೇಕಾಯಿತು. ಡಿಸೆಂಬರ್ ಎರಡನೆಯ ವಾರದಲ್ಲಿ ದೇಶವನ್ನೆಲ್ಲ ಹಿಡಿದ ಆ ಚಳಿ, ಹೆಪ್ಪುಗಟ್ಟುವ ಮಂಜು, ಹಗಲಿನಲ್ಲೂ ಸೊನ್ನೆಯ ಆಸುಪಾಸಿನಲ್ಲೇ ನಿಂತ ಉಷ್ಣಾಂಶ ಇವೆಲ್ಲ ಆಗ ಇನ್ನೂ ಬರುವುದರಲ್ಲಿದ್ದವು.

ಬ್ರಿಟನ್ನಿನ 1992ರ ಕೆಲಸದ ಸ್ಥಳಗಳ ನಿಯಮಾವಳಿಯು ಒಳಾಂಗಣದ ಉಷ್ಣಾಂಶ ‘ಸಮಂಜಸ’ವಾಗಿರಬೇಕೆಂದಷ್ಟೇ ಹೇಳುತ್ತದೆ. ಅದರ ಜೊತೆಗಿರುವ ಅಧಿಕೃತ ಮಾರ್ಗಸೂಚಿಯು ಸಾಮಾನ್ಯ ಕೆಲಸಕ್ಕೆ ಕನಿಷ್ಠ 16 ಡಿಗ್ರಿ ಸೆಲ್ಸಿಯಸ್, ಮೈಬಗ್ಗಿಸಿ ದುಡಿಯುವ ಕೆಲಸವೇ ಹೆಚ್ಚಾಗಿದ್ದರೆ 13 ಡಿಗ್ರಿ ಎಂದು ಸೂಚಿಸುತ್ತದೆ. ರ‍್ಯಾಕುಗಳ ನಡುವೆ ಸಾಮಾನು ಎತ್ತಿಳಿಸುವವರು ಎರಡನೆಯ ಗುಂಪಿಗೆ ಸೇರುತ್ತಾರೆ. ಪ್ಯಾಕಿಂಗ್ ಮೇಜಿನ ಮುಂದೆ ಗಂಟೆಗಟ್ಟಲೆ ನಿಂತು ಬೆರಳುಗಳಿಂದ ಕೆಲಸ ಮಾಡುವವರು ಮೊದಲನೆಯದಕ್ಕೆ. ಹೀಗಾಗಿ ಇಡೀ ಗೋದಾಮಿಗೆ 14 ಡಿಗ್ರಿ, ಪ್ಯಾಕಿಂಗ್ ಮೂಲೆಗೆ ಮಾತ್ರ ಅದಕ್ಕಿಂತ ಹೆಚ್ಚು ಎಂದು ಗುರಿಯನ್ನು ಎರಡಾಗಿ ಒಡೆದುಕೊಂಡೆ. ಎಲ್ಲೆಡೆ 18 ಡಿಗ್ರಿ ಬೇಕೆಂದು ಕೇಳಿದ ಕಚೇರಿಯವರಿಗೆ ಖರ್ಚಿನ ಅಂದಾಜನ್ನು ತೋರಿಸಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಬಾಡಿಗೆ ಕಂಪನಿಗೆ ಫೋನ್ ಮಾಡಿದರೆ ಮೊದಲು ಕೇಳುವುದು ಉದ್ದ, ಅಗಲ, ಎತ್ತರ. ನಮ್ಮದು 60 ಮೀಟರ್ ಉದ್ದ, 40 ಮೀಟರ್ ಅಗಲ, 8 ಮೀಟರ್ ಎತ್ತರ, ಅಂದರೆ 19,200 ಘನ ಮೀಟರ್ ಗಾಳಿ. ಆ ಒಂದು ಸಂಖ್ಯೆಯನ್ನು ಕೇಳಿಸಿಕೊಂಡು ಆಚೆಯ ಕಡೆಯವರು ಕಿಲೋವ್ಯಾಟ್ ಹೇಳಿಬಿಡುತ್ತಾರೆ. ಅದನ್ನು ಒಪ್ಪಿಕೊಳ್ಳುವ ಮೊದಲು ನಾನು ನನ್ನದೇ ಲೆಕ್ಕ ಮಾಡಿದೆ. ಹೊರಗೆ ಮೈನಸ್ 4, ಒಳಗೆ 14 ಎಂದರೆ 18 ಡಿಗ್ರಿಯ ಅಂತರ. ಛಾವಣಿ, ಬೆಳಕಿಗಾಗಿ ಅದರಲ್ಲಿ ಬಿಟ್ಟಿರುವ ಪಾರದರ್ಶಕ ಹಾಳೆಗಳು ಮತ್ತು ಗೋಡೆಗಳ ಮೂಲಕ ಸೋರಿಹೋಗುವ ಶಾಖ ಸುಮಾರು 48 ಕಿಲೋವ್ಯಾಟ್. ಇನ್ನು ಗಾಳಿಯ ಬಾಬ್ತು: ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.33 ವ್ಯಾಟ್-ಗಂಟೆ ಬೇಕು. ಕಟ್ಟಡದೊಳಗಿನ ಗಾಳಿ ಎರಡು ಗಂಟೆಗೊಮ್ಮೆ ಪೂರ್ತಿ ಬದಲಾದರೆ ಅದಕ್ಕೆ 57 ಕಿಲೋವ್ಯಾಟ್, ಶಟರುಗಳು ತೆರೆದೇ ಇದ್ದು ಗಂಟೆಗೊಮ್ಮೆ ಬದಲಾದರೆ 114 ಕಿಲೋವ್ಯಾಟ್. ಅಂದರೆ ಅದೇ ಕಟ್ಟಡಕ್ಕೆ ಬೇಕಾದ ಶಾಖ 105 ಕಿಲೋವ್ಯಾಟೂ ಆಗಬಹುದು, 162 ಕಿಲೋವ್ಯಾಟೂ ಆಗಬಹುದು. ನಡುವಿನ ಅಂತರವೆಲ್ಲ ಬಾಗಿಲುಗಳದ್ದು. ಫೋನಿನಲ್ಲಿ ಮಾತನಾಡಿದ ಯಾರೂ ಬಾಗಿಲುಗಳೆಷ್ಟು, ದಿನಕ್ಕೆಷ್ಟು ಲಾರಿ ಬರುತ್ತವೆ ಎಂದು ಕೇಳಲಿಲ್ಲ.

ಎಲ್ಲರಿಗಿಂತ ಕಡಿಮೆ ದರ ಹೇಳಿದ ಕಂಪನಿಯು ಪ್ರೊಪೇನ್ ಸಿಲಿಂಡರಿನಿಂದ ಉರಿಯುವ, ಫಿರಂಗಿಯ ಆಕಾರದ ನೇರ ಉರಿಯ ಹೀಟರುಗಳನ್ನು ಕೊಡಲು ಮುಂದಾಯಿತು. ಇವುಗಳಲ್ಲಿ ಚಿಮಣಿ ಇರುವುದಿಲ್ಲ. ಉರಿಯಿಂದ ಹುಟ್ಟಿದ್ದೆಲ್ಲವೂ ಬಿಸಿಗಾಳಿಯ ಜೊತೆಗೇ ಕೋಣೆಗೆ ಬರುತ್ತದೆ. ಇಂಧನದ ಶಾಖ ಎಳ್ಳಷ್ಟೂ ಪೋಲಾಗುವುದಿಲ್ಲವೆಂದು ಮಾರಾಟ ಪ್ರತಿನಿಧಿ ಹೇಳಿದ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಂದು ಕಿಲೋ ಪ್ರೊಪೇನ್ ಉರಿದಾಗ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ನೂರು ಕಿಲೋವ್ಯಾಟಿನ ಒಂದು ಹೀಟರ್ ಗಂಟೆಗೆ ಏಳೆಂಟು ಕಿಲೋ ಅನಿಲವನ್ನು ಉರಿಸುತ್ತದೆಯಾದ್ದರಿಂದ, ಕೋಣೆಯೊಳಕ್ಕೆ ಗಂಟೆಗೆ ಸುಮಾರು 12 ಲೀಟರ್ ನೀರನ್ನು ಆವಿಯ ರೂಪದಲ್ಲಿ ಸುರಿದಂತಾಗುತ್ತದೆ. ಆ ಆವಿ ತಣ್ಣನೆಯ ತಗಡಿನ ಛಾವಣಿಗೆ ತಾಗಿ ಹನಿಯಾಗುತ್ತದೆ. ಹನಿ ಬೀಳುವುದು ರಟ್ಟಿನ ಪೆಟ್ಟಿಗೆಗಳ ಮೇಲೆ, ಎಣ್ಣೆ ಸವರಿದ ಬೇರಿಂಗುಗಳ ಮೇಲೆ. ಕಾರ್ಬನ್ ಮಾನಾಕ್ಸೈಡ್ ಭಯವಂತೂ ಇದ್ದೇ ಇದೆ. ಅದನ್ನು ನೀಗಲು ಬಾಗಿಲು ತೆರೆದಿಡಬೇಕು. ಬಾಗಿಲು ತೆರೆದರೆ ಶಾಖ ಹೋಗುತ್ತದೆ. ಎಲ್ಲ ಕಡೆಯೂ ತೆರೆದಿರುವ ನಿರ್ಮಾಣದ ಜಾಗಕ್ಕೆ, ಗಾಳಿಯಾಡುವ ವರ್ಕ್‌ಶಾಪಿಗೆ ಅವು ಸರಿಯಾದ ಯಂತ್ರಗಳೇ. ನಮ್ಮ ಮುಚ್ಚಿದ ಗೋದಾಮಿಗೆ ಅಲ್ಲವೆಂದು ಹೇಳಿ ಫೋನ್ ಇಟ್ಟೆ.

ನಮಗೆ ಬೇಕಾಗಿದ್ದುದು ಪರೋಕ್ಷ ಉರಿಯ ಡೀಸೆಲ್ ಹೀಟರ್. ಇದರ ತತ್ತ್ವವನ್ನು ನಾನು ಎಂಜಿನಿಯರಿಂಗ್ ಓದುವ ಮೊದಲೇ ಸಕಲೇಶಪುರದ ಕಡೆಯ ಅಜ್ಜನ ಮನೆಯಲ್ಲಿ ನೋಡಿದ್ದೆ. ಏಲಕ್ಕಿ ಒಣಗಿಸುವ ಗೂಡಿನ ಒಲೆಯ ಬಾಯಿ ಹೊರಗಿರುತ್ತಿತ್ತು. ಸೌದೆಯ ಉರಿ ಮತ್ತು ಹೊಗೆ ತಗಡಿನ ಕೊಳವೆಯೊಳಗೇ ಕೋಣೆಯನ್ನೆಲ್ಲ ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತಿತ್ತು. ಕಾಯಿಗೆ ತಗಲುತ್ತಿದ್ದುದು ಕೊಳವೆಯ ಕಾವು ಮಾತ್ರ. ಬಾಡಿಗೆ ಹೀಟರಿನಲ್ಲೂ ಅಷ್ಟೇ: ಡೀಸೆಲ್ ಒಂದು ಉಕ್ಕಿನ ಕೋಶದಲ್ಲಿ ಉರಿದು ಹೊಗೆ ಮೇಲಿನ ಚಿಮಣಿಯಿಂದ ಹೋಗುತ್ತದೆ, ಫ್ಯಾನು ಆ ಕೋಶದ ಹೊರಮೈಯನ್ನು ಸವರಿಕೊಂಡು ಗಾಳಿಯನ್ನು ನೂಕುತ್ತದೆ. ಶಾಖದಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಹೊಗೆಯ ಜೊತೆ ಹೋದರೂ ಒಳಗೆ ಬರುವ ಗಾಳಿ ಒಣಗಿದ್ದು, ಶುದ್ಧವಾಗಿರುತ್ತದೆ.

ವಿದ್ಯುತ್ ಹೀಟರುಗಳನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. ನಮ್ಮ ವಿತರಣಾ ಫಲಕದಲ್ಲಿ ಬಿಡುವಾಗಿದ್ದುದು ಥ್ರೀ ಫೇಸಿನ ಒಂದು 63 ಆಂಪಿಯರ್ ಸಾಲು. ಅದರಿಂದ ಹೆಚ್ಚೆಂದರೆ ಸುಮಾರು 43 ಕಿಲೋವ್ಯಾಟ್ ತೆಗೆಯಬಹುದು. ಇಡೀ ಗೋದಾಮಿಗೆ ಅದು ಯಾವ ಮೂಲೆಗೂ ಸಾಲದು. ಆದರೆ ಪ್ಯಾಕಿಂಗ್ ಮೂಲೆಗೆ 32 ಆಂಪಿಯರಿನ ಕೆಂಪು ಪ್ಲಗ್ಗಿನ, 18 ಕಿಲೋವ್ಯಾಟಿನ ಒಂದು ಫ್ಯಾನ್ ಹೀಟರ್ ಸಾಕಿತ್ತು. ಅದನ್ನು ಅದೇ ಕರಾರಿನಲ್ಲಿ ಸೇರಿಸಿಕೊಂಡೆವು.

ಇಂಧನದ ವಿಚಾರದಲ್ಲಿ ಆ ವರ್ಷ ಒಂದು ಹೊಸ ತೊಡಕಿತ್ತು. ಬಣ್ಣ ಬೆರೆಸಿ ಕಡಿಮೆ ತೆರಿಗೆಗೆ ಮಾರುವ ಕೆಂಪು ಡೀಸೆಲ್ಲನ್ನು 2022ರ ಏಪ್ರಿಲ್ 1ರಿಂದ ನಮ್ಮಂಥ ವಾಣಿಜ್ಯ ಕಟ್ಟಡಗಳನ್ನು ಬೆಚ್ಚಗಿಡಲು ಬಳಸುವಂತಿಲ್ಲ. ಪೂರ್ತಿ ತೆರಿಗೆ ಕಟ್ಟಿದ ಸಾಮಾನ್ಯ ಡೀಸೆಲ್ಲನ್ನೇ ಕೊಳ್ಳಬೇಕು. ಹಿಂದಿನ ಚಳಿಗಾಲದ ಅನುಭವದ ಮೇಲೆ ಬೆಲೆ ಹೇಳುತ್ತಿದ್ದ ಒಂದಿಬ್ಬರು ಪ್ರತಿನಿಧಿಗಳು ಇದನ್ನು ಗಮನಕ್ಕೇ ತೆಗೆದುಕೊಂಡಿರಲಿಲ್ಲ. ಡೀಸೆಲ್ ದರ ಆ ತಿಂಗಳು ಮೌಲ್ಯವರ್ಧಿತ ತೆರಿಗೆ ಬಿಟ್ಟು ಲೀಟರಿಗೆ ಒಂದೂವರೆ ಪೌಂಡಿನ ಹತ್ತಿರವಿತ್ತು. ಒಂದು ಲೀಟರಿನಲ್ಲಿ ಸುಮಾರು ಹತ್ತು ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖವಿರುತ್ತದೆ, ಅದರಲ್ಲಿ ಒಳಗೆ ತಲಪುವುದು ಎಂಟೂಮುಕ್ಕಾಲು ಯೂನಿಟ್. ನಾವು ತರಿಸಬೇಕೆಂದಿದ್ದ ನೂರು ನೂರು ಕಿಲೋವ್ಯಾಟಿನ ಎರಡೂ ಹೀಟರುಗಳು ಬಿಡುವಿಲ್ಲದೆ ಉರಿದರೆ ಗಂಟೆಗೆ 22ರಿಂದ 23 ಲೀಟರ್, ಅಂದರೆ ಮೂವತ್ತಮೂರು ಪೌಂಡಿಗಿಂತ ಹೆಚ್ಚು. ಬಾಡಿಗೆಯ ದರದಲ್ಲಿ ಚೌಕಾಸಿ ಮಾಡುತ್ತ ಕುಳಿತಿದ್ದ ನಮ್ಮ ಖರೀದಿ ವಿಭಾಗದವರಿಗೆ ಈ ಲೆಕ್ಕವನ್ನು ಕೊಟ್ಟ ಮೇಲೆ ಅವರ ಗಮನ ಯಂತ್ರದಿಂದ ಟ್ಯಾಂಕಿನ ಕಡೆಗೆ ತಿರುಗಿತು.

ಕೊನೆಗೆ ಆರಿಸಿಕೊಂಡ ಕಂಪನಿಯು ದರ ಹೇಳುವ ಮೊದಲು ತಂತ್ರಜ್ಞರೊಬ್ಬರನ್ನು ಸ್ಥಳಕ್ಕೆ ಕಳಿಸಿತು. ನಾನು ಅವರನ್ನು ಆರಿಸಿಕೊಳ್ಳಲು ಅದೇ ಮುಖ್ಯ ಕಾರಣ. ವಯಸ್ಸಾದ ಆ ಮನುಷ್ಯ ಅಳತೆಯ ಟೇಪನ್ನು ಜೇಬಿನಿಂದ ತೆಗೆಯುವ ಮೊದಲು ಪ್ರತಿ ಶಟರಿನ ಕೆಳಗೆ ಅಂಗೈ ಇಟ್ಟು ನೋಡಿದರು, ಹೊಗೆಯ ಸಣ್ಣ ಟ್ಯೂಬೊಂದನ್ನು ಹಚ್ಚಿ ಅದು ಯಾವ ಕಡೆಗೆ ಬಾಗುತ್ತದೆಂದು ಗುರುತು ಹಾಕಿಕೊಂಡರು, ಆಮೇಲೆ ಕತ್ತೆತ್ತಿ ಛಾವಣಿಯನ್ನು ದಿಟ್ಟಿಸಿದರು. “ನಿಮಗೆ ಇನ್ನೂರು ಕಿಲೋವ್ಯಾಟ್ ಕೊಡುವುದು ಕಷ್ಟವಲ್ಲ, ಸಾರ್. ಅದನ್ನು ಒಳಗೆ ಇರಿಸಿಕೊಳ್ಳುವ ಕೆಲಸ ಮಾತ್ರ ನಿಮ್ಮದು,” ಎಂದರು.

ಅವರ ಜೊತೆ ನಡೆದ ದೀರ್ಘ ಚರ್ಚೆಯೆಲ್ಲ ಹೀಟರು ಗಾಳಿಯನ್ನು ಎಲ್ಲಿಂದ ಎಳೆದುಕೊಳ್ಳಬೇಕು ಎಂಬುದರ ಬಗ್ಗೆ. ಯಂತ್ರವನ್ನು ಹೊರಗಿಟ್ಟು, ಹೊರಗಿನ ಗಾಳಿಯನ್ನೇ ಕಾಯಿಸಿ ಒಳಗೆ ಊದುವುದು ಎಲ್ಲಕ್ಕಿಂತ ಸುಲಭದ ಏರ್ಪಾಟು. ಅದರಿಂದ ಒಳಗೆ ಒತ್ತಡ ತುಸು ಹೆಚ್ಚಿ, ಸಂದುಗಳಿಂದ ಚಳಿಗಾಳಿ ನುಗ್ಗುವುದು ಕಡಿಮೆಯಾಗುತ್ತದೆ ಎಂಬ ವಾದವೂ ಇದೆ. ದೊಡ್ಡ ಡೇರೆಗಳಲ್ಲಿ ಅದು ನಿಜವೂ ಹೌದು. ಆದರೆ ಒಂದು ಹೀಟರ್ ಗಂಟೆಗೆ 7,000 ಘನ ಮೀಟರ್ ಗಾಳಿಯನ್ನು ದಾಟಿಸುತ್ತದೆ ಎಂದಿಟ್ಟುಕೊಳ್ಳಿ. ಮೈನಸ್ 4ರ ಗಾಳಿಯನ್ನು ಕೋಣೆಯ 14 ಡಿಗ್ರಿಯ ಮಟ್ಟಕ್ಕೆ ತರುವುದಕ್ಕೇ 41 ಕಿಲೋವ್ಯಾಟಿಗಿಂತ ಹೆಚ್ಚು ಖರ್ಚಾಗುತ್ತದೆ. ನೂರು ಕಿಲೋವ್ಯಾಟಿಗೆ ಹಣ ಕೊಟ್ಟು ಅರವತ್ತರಷ್ಟನ್ನೂ ಪಡೆಯದಂತಾಗುತ್ತದೆ. ಒಳಗಿನ ಗಾಳಿಯನ್ನೇ ಎರಡನೆಯ ಡಕ್ಟಿನಿಂದ, ಅಂದರೆ ಗಾಳಿ ಸಾಗಿಸುವ ಇನ್ನೊಂದು ದಪ್ಪ ಕೊಳವೆಯಿಂದ, ಹಿಂದಕ್ಕೆಳೆದು ಮತ್ತೆ ಕಾಯಿಸಿ ಕಳಿಸಿದರೆ ಈ ನಷ್ಟ ತಪ್ಪುತ್ತದೆ. ಇಷ್ಟು ಜನರ ಉಸಿರಾಟಕ್ಕೆ ಬೇಕಾದ ಹೊಸ ಗಾಳಿ ಅಷ್ಟು ದೊಡ್ಡ ಗೋದಾಮಿನಲ್ಲಿ ಬಾಗಿಲುಗಳಿಂದಲೇ ಧಾರಾಳವಾಗಿ ಬರುತ್ತದೆ.

ಹಿಂತಿರುಗುವ ಡಕ್ಟಿನ ಬಾಯಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಗೂ ಒಳ್ಳೆಯ ಉತ್ತರ ಸಿಕ್ಕಿತು. ಬಿಸಿಗಾಳಿ ಮೇಲೇರಿ ಛಾವಣಿಯಡಿಯಲ್ಲಿ ಮಡುಗಟ್ಟುತ್ತದೆ. ನಮ್ಮ ಜನ ಕೆಲಸ ಮಾಡುವುದು ನೆಲದ ಮೇಲೆ. ಆದ್ದರಿಂದ ಊದುವ ಡಕ್ಟುಗಳನ್ನು ನೆಲಮಟ್ಟದಲ್ಲಿ ರ‍್ಯಾಕುಗಳ ನಡುವಿನ ಓಣಿಗಳಿಗೆ ಮುಖಮಾಡಿಸಿ, ಎಳೆಯುವ ಡಕ್ಟಿನ ಬಾಯಿಯನ್ನು ಕೊನೆಯ ರ‍್ಯಾಕಿನ ಕಂಬಕ್ಕೆ ಮೇಲೆತ್ತಿ ಕಟ್ಟಿದೆವು. ಮೇಲೆ ಸುಮ್ಮನೆ ನಿಂತಿರುತ್ತಿದ್ದ ಬೆಚ್ಚನೆಯ ಪದರವೇ ಹೀಟರಿಗೆ ಮರಳಿ ಹೋಗತೊಡಗಿತು. ಬರೀ ಊದುವ ಡಕ್ಟಿಗೆ ತೆಳುವಾದ ಪಾಲಿಥೀನ್ ಕೊಳವೆ ಸಾಕು, ಗಾಳಿಯ ಒತ್ತಡಕ್ಕೆ ಅದು ತಾನೇ ಉಬ್ಬಿಕೊಳ್ಳುತ್ತದೆ. ಎಳೆಯುವ ಡಕ್ಟಿಗೆ ಅದನ್ನೇ ಹಾಕಿದರೆ ಹೀರುವಿಕೆಗೆ ಚಪ್ಪಟೆಯಾಗಿ ಗಾಳಿಯೇ ನಿಂತುಹೋಗುತ್ತದೆ. ಅದಕ್ಕೆ ಒಳಗೆ ಉಕ್ಕಿನ ತಂತಿಯ ಸುರುಳಿ ಇರುವ ಡಕ್ಟೇ ಬೇಕು. ಬಾಡಿಗೆ ಪಟ್ಟಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ, ಉದ್ದದ ಸಮೇತ ಬರೆಸಿಕೊಳ್ಳುವುದು ಒಳ್ಳೆಯದು.

ಹೀಟರುಗಳು ಕ್ರೇನ್ ಜೋಡಿಸಿದ ಲಾರಿಯಲ್ಲಿ ಬಂದವು. ಸಮತಟ್ಟಾದ ಕಾಂಕ್ರೀಟಿನ ಮೇಲೆ, ಕಚೇರಿಯ ಕಿಟಕಿಗಳಿಂದಲೂ ಲಾರಿಗಳು ತಿರುಗುವ ಜಾಗದಿಂದಲೂ ದೂರವಾಗಿ ಅವುಗಳನ್ನು ಇಳಿಸಿದರು. ಡಕ್ಟುಗಳನ್ನು ಒಳಗೆ ತರಲು ಗೋಡೆ ಕೊರೆಯಲಿಲ್ಲ. ಬಳಸದೆ ಬಿಟ್ಟಿದ್ದ ಒಂದು ಲೋಡಿಂಗ್ ಶಟರಿನ ಅಗಲಕ್ಕೆ ಸರಿಯಾಗಿ ದಪ್ಪ ಪ್ಲೈವುಡ್ಡಿನ ಹಲಗೆ ಮಾಡಿಸಿ, ಅದರಲ್ಲಿ ದುಂಡನೆಯ ತೂತುಗಳನ್ನು ಕೊಯ್ಯಿಸಿ, ತೂತಿನ ಅಂಚಿಗೆ ತಗಡಿನ ಕಾಲರ್ ಬಡಿಸಿ, ಶಟರನ್ನು ಹಲಗೆಯ ನೆತ್ತಿಯವರೆಗೆ ಇಳಿಸಿದೆವು. ಶಟರಿಗೂ ಹಲಗೆಗೂ ನಡುವಿನ ಸಂದಿಗೆ ಫೋಮ್ ಪಟ್ಟಿ ತುರುಕಿದ ಮೇಲೆ ಅಲ್ಲಿ ಬೆರಳಿಟ್ಟರೂ ಗಾಳಿ ತಗಲುತ್ತಿರಲಿಲ್ಲ. ತುರ್ತು ನಿರ್ಗಮನದ ದಾರಿಗೆ ಯಾವ ಡಕ್ಟೂ ಅಡ್ಡ ಬರದಂತೆ ನೋಡಿಕೊಂಡು, ಅಗ್ನಿ ಅಪಾಯದ ವರದಿಯನ್ನು ತಿದ್ದಿ ಬರೆದು, ವಿಮಾ ಕಂಪನಿಗೂ ಪತ್ರ ಕಳಿಸಿದೆ. ವಿಮೆಯವರಿಗೆ ತಿಳಿಸದೆ ಇಂಥ ಯಂತ್ರವನ್ನು ತಂದಿರಿಸುವುದು ಜಾಣತನವಲ್ಲ. ಡೀಸೆಲ್ ಟ್ಯಾಂಕು ಎರಡು ಗೋಡೆಯದು: ಒಳಗಿನದು ಸೋರಿದರೆ ಹೊರಗಿನದು ಅಷ್ಟನ್ನೂ ಹಿಡಿದು ಇನ್ನೂ ನೂರಕ್ಕೆ ಹತ್ತು ಪಾಲು ಮಿಕ್ಕುವಷ್ಟು ದೊಡ್ಡದು. ಅದಕ್ಕೆ ಬೀಗ, ಪಕ್ಕದಲ್ಲಿ ಎಣ್ಣೆ ಹೀರುವ ಪುಡಿಯ ಚೀಲ, ಮಳೆನೀರಿನ ಚರಂಡಿಯಿಂದ ಸಾಕಷ್ಟು ದೂರ.

ಮೊದಲ ದಿನ ಥರ್ಮೋಮೀಟರು ಬೇಗನೆ ಏರಿತು. ಆದರೂ ಜನ ಕಾಲು ಮರಗಟ್ಟುತ್ತಿದೆ ಎಂದೇ ದೂರುತ್ತಿದ್ದರು. ದೂರು ಸರಿಯಾಗಿಯೇ ಇತ್ತು. ಆ ಗೋದಾಮಿನ ಗಾಳಿಯನ್ನೆಲ್ಲ ಒಂದು ಡಿಗ್ರಿ ಏರಿಸಲು ಆರೂವರೆ ಯೂನಿಟ್ ಸಾಕು. ಹದಿನೈದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ನೆಲವನ್ನು ಒಂದು ಡಿಗ್ರಿ ಏರಿಸಲು ಇನ್ನೂರು ಯೂನಿಟ್ಟಿಗೂ ಹೆಚ್ಚು ಬೇಕು, ರ‍್ಯಾಕುಗಳಲ್ಲಿರುವ ಉಕ್ಕಿನ ಸಾಮಾನಿನ ಲೆಕ್ಕವೇ ಬೇರೆ. ಗಾಳಿ ಬೆಚ್ಚಗಾದ ಮೇಲೂ ನೆಲ ದಿನಗಟ್ಟಲೆ ಕಾವನ್ನು ಕುಡಿಯುತ್ತಲೇ ಇತ್ತು. ಈ ಕಾರಣಕ್ಕೆ ರಾತ್ರಿ ಹೀಟರುಗಳನ್ನು ಪೂರ್ತಿ ಆರಿಸಬೇಕೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಥರ್ಮೋಸ್ಟಾಟನ್ನು ರಾತ್ರಿ 9 ಡಿಗ್ರಿಗೆ ಇಳಿಸಿ, ಬೆಳಗಿನ ಆರರ ಪಾಳಿಗೆ ಮುಂಚಿತವಾಗಿ ನಾಲ್ಕು ಗಂಟೆಗೆ ಮತ್ತೆ ಏರುವಂತೆ ಹೊಂದಿಸಿದೆವು. ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕೊಳವೆಗಳಲ್ಲಿ ಸದಾ ನೀರು ತುಂಬಿರುವುದರಿಂದ ಅದು ಹೆಪ್ಪುಗಟ್ಟದಂತೆ ಕಾಯುವುದಕ್ಕೂ ಇದೇ ಏರ್ಪಾಟು ಆಯಿತು. ಥರ್ಮೋಸ್ಟಾಟಿನ ಸಂವೇದಕವನ್ನು ಡಕ್ಟಿನ ಬಾಯಿಯ ಗಾಳಿ ನೇರವಾಗಿ ಬಡಿಯದ ಓಣಿಯೊಂದರಲ್ಲಿ, ಎದೆಮಟ್ಟದ ಎತ್ತರಕ್ಕೆ ಕಟ್ಟಿಸಿದ್ದೆ.

ಬಾಗಿಲುಗಳ ಸಮಸ್ಯೆ ಯಂತ್ರದಿಂದ ಬಗೆಹರಿಯುವಂಥದ್ದಾಗಿರಲಿಲ್ಲ. ಫೋರ್ಕ್‌ಲಿಫ್ಟ್ ಓಡಿಸುವವರಲ್ಲಿ ಹಿರಿಯರಾದ ಗುಜರಾತಿ ಕಾಕಾ ಒಬ್ಬರಿದ್ದಾರೆ. ಲೆಸ್ಟರಿನ ಗೋದಾಮುಗಳಲ್ಲಿ ಗುಜರಾತಿ ಮಾತು ಕಿವಿಗೆ ಬೀಳದ ದಿನವಿಲ್ಲ. ಶಟರನ್ನು ಯಾಕೆ ತೆರೆದೇ ಬಿಡುತ್ತೀರಿ ಎಂದು ಕೇಳಿದ್ದಕ್ಕೆ, “ಮೋಟಾರು ಏರಿಳಿಯುವಷ್ಟರಲ್ಲಿ ನಾನು ಎರಡು ಪ್ಯಾಲೆಟ್ ಇಳಿಸಿರುತ್ತೇನೆ, ಬೇಟಾ. ಲೆಕ್ಕ ಕೇಳುವವರು ಪ್ಯಾಲೆಟ್ ಎಣಿಸುತ್ತಾರೆ, ಡೀಸೆಲ್ ಎಣಿಸುವುದಿಲ್ಲ,” ಎಂದರು. ಆ ಮಾತನ್ನು ನಾನು ಹಾಗೆಯೇ ಮೇಲಿನವರಿಗೆ ಮುಟ್ಟಿಸಿದೆ. ಚಳಿ ಮುಗಿಯುವವರೆಗೆ ಲಾರಿಗಳನ್ನು ಒಂದೇ ಬಾಗಿಲಿಗೆ, ಗೊತ್ತುಮಾಡಿದ ಸಮಯಕ್ಕೆ ಬರುವಂತೆ ಹೇಳಿ, ಆ ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಟ್ಟು, ಉಳಿದವನ್ನು ಮುಚ್ಚಿ ಅಂಚುಗಳಿಗೆ ಟೇಪ್ ಅಂಟಿಸಿದೆವು. ಅಲ್ಲಿಯವರೆಗೆ ಎರಡೂ ಬರ್ನರುಗಳು ಹಗಲೆಲ್ಲ ಆರುತ್ತಲೇ ಇರಲಿಲ್ಲ. ಅಂದಿನಿಂದ ಮಧ್ಯಾಹ್ನದ ಹೊತ್ತಿಗೆ ಒಂದು ತಾನಾಗಿ ನಿಂತು ವಿರಮಿಸತೊಡಗಿತು.

ಒಳಗೆ ಬೆಚ್ಚಗಾದದ್ದರಿಂದಲೇ ಹುಟ್ಟಿದ ಒಂದು ತೊಂದರೆಯನ್ನೂ ಹೇಳಬೇಕು. ರಾತ್ರಿಯೆಲ್ಲ ಲಾರಿಯಲ್ಲಿ ಸೊನ್ನೆಗಿಂತ ಕೆಳಗೆ ತಣಿದಿದ್ದ ಉಕ್ಕಿನ ಭಾಗಗಳನ್ನು ನೇರವಾಗಿ ತಂದು ಬಿಚ್ಚಿದರೆ ನೋಡನೋಡುತ್ತಿದ್ದಂತೆ ಅವುಗಳ ಮೈ ಬೆವರುತ್ತಿತ್ತು. ಹೊಳೆಯುವ ಶಾಫ್ಟಿನ ಮೇಲೆ ಮೊದಲು ಮಬ್ಬು, ಆಮೇಲೆ ಕಾಣುವಂಥ ಹನಿ. ಅಂಥ ಸರಕನ್ನು ಮಾರನೆಯ ದಿನದವರೆಗೆ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಹಾಗೆಯೇ ಇಡಬೇಕೆಂದು ನಿಯಮ ಮಾಡಿದೆವು. ಹೊದಿಕೆಯ ಹೊರಗೆ ಎಷ್ಟು ನೀರು ಕೂತರೂ ಒಳಗಿನ ಉಕ್ಕಿಗೆ ಏನೂ ಆಗುವುದಿಲ್ಲ.

ಹೀಟರು ಪರೋಕ್ಷ ಉರಿಯದಾದರೂ ಕಾರ್ಬನ್ ಮಾನಾಕ್ಸೈಡ್ ಮಾಪಕಗಳನ್ನು ಇರಿಸಿದ್ದೆ. ನಮ್ಮ ಹಳೆಯ ಹೀಟರುಗಳು ಹಾಳಾದದ್ದೇ ಬಿರುಕಿನಿಂದ. ಬಾಡಿಗೆಯವಕ್ಕೆ ಬಿರುಕು ಬರಬಾರದೆಂದೇನೂ ಇಲ್ಲ. ಇಲ್ಲಿ ಎಂಟು ಗಂಟೆಯ ಪಾಳಿಗೆ ಅನುಮತಿಸಿದ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 20 ಪಾಲು. ಒಂದು ಬೆಳಗ್ಗೆ ಮಾಪಕದ ಅಂಕಿ ಸೊನ್ನೆಯಿಂದ ಮೇಲೇರುತ್ತಿರುವುದನ್ನು ಕಂಡು ಹೀಟರುಗಳನ್ನು ನಿಲ್ಲಿಸಿ ಹುಡುಕಿದಾಗ, ಚಾಲಕನೊಬ್ಬ ಕ್ಯಾಬಿನ್ ಬೆಚ್ಚಗಿರಲೆಂದು ಲೋಡಿಂಗ್ ಬಾಗಿಲಿಗೆ ಹಿಮ್ಮುಖವಾಗಿ ನಿಲ್ಲಿಸಿದ್ದ ಲಾರಿಯ ಎಂಜಿನನ್ನು ಚಾಲೂ ಬಿಟ್ಟಿದ್ದು ತಿಳಿಯಿತು. ಅಂದಿನಿಂದ ಕೀಲಿಕೈಯನ್ನು ಕಚೇರಿಯಲ್ಲಿ ಕೊಟ್ಟ ಮೇಲೆಯೇ ಸರಕು ಇಳಿಸುವುದೆಂದಾಯಿತು.

ಹೊಸ ಗ್ಯಾಸ್ ಹೀಟರುಗಳು ಬಂದು, ಅಳವಡಿಕೆ ಮುಗಿದು, ಪರೀಕ್ಷೆಯಾದ ಮೇಲೆ ಬಾಡಿಗೆಯನ್ನು ಮುಗಿಸುವ ಕ್ರಮ ಶುರುವಾಯಿತು. ಇಲ್ಲಿನ ಬಾಡಿಗೆ ವ್ಯವಹಾರದಲ್ಲಿ ಯಂತ್ರ ನಮ್ಮಲ್ಲಿ ಸುಮ್ಮನೆ ನಿಂತಿದ್ದರೂ ಮೀಟರು ಓಡುತ್ತಲೇ ಇರುತ್ತದೆ. ಡಿಪೋಗೆ ಫೋನ್ ಮಾಡಿ, ಬಾಡಿಗೆ ಮುಗಿಯಿತೆಂದು ದಾಖಲಿಸುವ ‘ಆಫ್-ಹೈರ್’ ಸಂಖ್ಯೆಯನ್ನು ಪಡೆದಾಗಲಷ್ಟೇ ಅದು ನಿಲ್ಲುತ್ತದೆ. ಆದರೆ ಅವರು ಬಂದು ಒಯ್ಯುವವರೆಗೆ ಯಂತ್ರದ ಸುರಕ್ಷತೆಯ ಹೊಣೆ ನಮ್ಮದೇ. ಟ್ಯಾಂಕಿನಲ್ಲಿ ಉಳಿದ ಡೀಸೆಲ್ಲಿಗೆ ಹಣ ವಾಪಸಿಲ್ಲವೆಂದು ಕರಾರಿನ ಸಣ್ಣ ಅಕ್ಷರಗಳಲ್ಲಿದ್ದುದರಿಂದ, ಕೊನೆಯ ವಾರ ಹೊಸದಾಗಿ ತುಂಬಿಸದೆ, ದಿನಾ ಅಳತೆ ಕೋಲನ್ನು ಇಳಿಸಿ ನೋಡುತ್ತ, ತಳಮಟ್ಟಕ್ಕೆ ಬರುವಂತೆ ಉರಿಸಿದೆವು. ಯಂತ್ರಗಳು ಹೊರಡುವ ಮುನ್ನ ನಾಲ್ಕೂ ಬದಿಯಿಂದ ಫೋಟೋ ತೆಗೆದು, ಓಡಿದ ಗಂಟೆಗಳನ್ನು ಬರೆದುಕೊಂಡೆ.

ಡಿಪೋದವರು ಒಯ್ಯಲು ತಡಮಾಡಿದರು, ಬಿಲ್ಲಿನಲ್ಲಿ ಆ ಹೆಚ್ಚುವರಿ ವಾರದ ಬಾಡಿಗೆಯೂ ಸೇರಿಕೊಂಡಿತ್ತು. ಆಫ್-ಹೈರ್ ಸಂಖ್ಯೆಯನ್ನೂ ಅದನ್ನು ಕೊಟ್ಟ ದಿನಾಂಕವನ್ನೂ ನಮೂದಿಸಿ ಪತ್ರ ಬರೆದಾಗ ವಾದವಿಲ್ಲದೆ ಅಷ್ಟು ಮೊತ್ತವನ್ನು ಕಡಿತ ಮಾಡಿದರು. ಪಟ್ಟಿ ಹಾಕಿ ನೋಡಿದರೆ ಒಟ್ಟು ಖರ್ಚಿನಲ್ಲಿ ಡೀಸೆಲ್ಲಿನದೇ ಸಿಂಹಪಾಲು. ಯಂತ್ರ, ಡಕ್ಟು, ಟ್ಯಾಂಕು, ಸಾಗಣೆ ಎಲ್ಲ ಸೇರಿದರೂ ಅದಕ್ಕಿಂತ ಕಡಿಮೆ. ಪ್ಲೈವುಡ್ ಹಲಗೆಯನ್ನು ಬಿಸಾಡಲು ಬಿಡದೆ, ಯಾವ ಶಟರಿನದ್ದು ಎಂದು ಬಣ್ಣದಲ್ಲಿ ಬರೆಸಿ, ಸಾಮಾನು ಕೋಣೆಯಲ್ಲಿ ಇರಿಸಿದ್ದೇನೆ. ಮುಂದಿನ ಬಜೆಟ್ಟಿನಲ್ಲಿ ಹೊಸ ಹೀಟರಿಗಲ್ಲ, ವೇಗವಾಗಿ ಏರಿಳಿಯುವ ಶಟರಿಗೆ ಹಣ ಕೇಳಿದೆ. ಅರ್ಜಿಯ ಜೊತೆ ಬಾಗಿಲುಗಳನ್ನು ಮುಚ್ಚುವ ಮೊದಲಿನ ಮತ್ತು ಆಮೇಲಿನ ಡೀಸೆಲ್ ರಸೀದಿಗಳನ್ನು ಲಗತ್ತಿಸಿದ್ದೆ, ಮಂಜೂರಾಯಿತು.